ಬೆನ್ನ ಹಿಂದಿನ ಕೈ

ಕೂದಲು ಬೆಳೆಯುತ್ತಿತ್ತು. ಐತವಾರದ ಬೆಳಿಗ್ಗೆ ಎಚ್ಚರವಾದ ಕೂಡಲೇ ವಿನೋದಿನಿಯ ಬೆರಳು ತಾನಾಗಿ ತಲೆಯ ಮೇಲೆ ಹೋಯಿತು; ಹಣೆಯಿಂದ ಹಿಂಗತ್ತಿನವರೆಗೆ ನೆತ್ತಿಗೆ ಅಂಟಿಕೊಂಡಂತೆ ಹೆಣೆದ ಹನ್ನೊಂದು ಸಾಲುಗಳಲ್ಲಿ ನಡುವಿನದನ್ನು ಹುಡುಕಿತು; ಅದರ ಬುಡವನ್ನು ಒತ್ತಿ ನೋಡಿತು. ನಿನ್ನೆಗಿಂತ ಸಡಿಲ. ಚರ್ಮಕ್ಕೂ ಹೆಣಿಗೆಗೂ ನಡುವೆ ಈಗ ಒಂದು ಅಕ್ಕಿಕಾಳಿನಷ್ಟು ಹೊಸ ಕೂದಲು. ಚಿಗವ್ವನ ಕೈ ಮುಟ್ಟದ ಕೂದಲು. ಅದರಲ್ಲಿ ಚಿಗವ್ವ ಬದುಕಿದ್ದಾಗ ಹುಟ್ಟಿದ್ದೆಷ್ಟು, ಸತ್ತ ಮೇಲೆ ಹುಟ್ಟಿದ್ದೆಷ್ಟು ಎಂದು ಅಳೆಯಲು ಹೊರಟ ಮನಸ್ಸನ್ನು ಅವಳು ಗದರಿಸಿಕೊಂಡಳು. ಮೂರು ವಾರದ ಹಿಂದೆ, ಇಂಥದೇ ಐತವಾರ, ಸಾಂತಾಕ್ರೂಜಿನ ಇದೇ ಚಾಳಿನ ಇದೇ ಕೋಣೆಯಲ್ಲಿ ಚಿಗವ್ವ ಸುಂದ್ರವ್ವ ಅವಳ ತಲೆ ಕಟ್ಟಿದ್ದಳು. ಆ ದಿನ ಚಿಗವ್ವನ ಬೆರಳು ಬಿಸಿಯಾಗಿದ್ದವು. ಜನವರಿಯ ಚಳಿಯಲ್ಲಿ ಆ ಬಿಸಿ ನೆತ್ತಿಗೆ ಹಿತವಾಗಿತ್ತು. ಹಿತವಾಗಿತ್ತು ಎಂಬುದನ್ನೇ ಅವಳಿಗೆ ಈಗ ಸಹಿಸಲಾಗುತ್ತಿರಲಿಲ್ಲ. ಬೆರಳು ಬಿಸಿ ಯಾಕೆ ಎಂದು ಕೇಳದೆ, 'ಲಗೂನ ಮುಗಸು ಚಿಗವ್ವ, ನಾ ಮಾಟುಂಗಕ್ಕ ಹೋಗಬೇಕು, ಸಂಘದಾಗ ಕಾರ್ಯಕ್ರಮ ಐತಿ' ಎಂದಿದ್ದಳು. ಚಿಗವ್ವ ಲಗೂನ ಮುಗಿಸಿದಳು. ಎರಡು ದಿನದ ಮೇಲೆ ಜ್ವರದಲ್ಲೇ ಊರಿನ ರೈಲು ಹತ್ತಿದಳು.

ಕಾರ್ಡು ಬಂದದ್ದು ಮಂಗಳವಾರ. ಊರಿನ ಶಾಲೆಯ ಮಾಸ್ತರರ ದುಂಡು ಅಕ್ಷರ. ನಿಮ್ಮ ಚಿಕ್ಕಮ್ಮ ಸುಂದ್ರವ್ವ ಇವರು ಜ್ವರದಿಂದ ತೀರಿಕೊಂಡರು. ಅವರ ಮಗಳು ರಾಚವ್ವ ಮುಂಬಯಿಗೆ ಮರಳುತ್ತಿದ್ದು, ಬರುವ ಐತವಾರ ತಲೆ ಕಟ್ಟಿಸಿಕೊಳ್ಳಲು ನಿಮ್ಮಲ್ಲಿಗೆ ಬರುತ್ತಾಳೆ. ಎರಡೇ ವಾಕ್ಯ. ಮೊದಲನೆಯದಕ್ಕಿಂತ ಎರಡನೆಯದನ್ನು ತಾನು ಹೆಚ್ಚು ಸಲ ಓದಿದ್ದು ವಿನೋದಿನಿಗೆ ಗೊತ್ತಿತ್ತು. ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಸಿದ ಕಾಗದದ ಕೆಳಗೆ ಇಟ್ಟು, ಮರುದಿನ ಎಂದಿನಂತೆ ಫೋರ್ಟಿನ ವಿಮಾ ಆಫೀಸಿಗೆ ಹೋಗಿ, ಒಂದೂ ತಪ್ಪಿಲ್ಲದೆ ಮೂವತ್ತು ಪತ್ರ ಟೈಪು ಮಾಡಿದಳು. ರಜೆ ಕೇಳಲಿಲ್ಲ. ಕೇಳಿದರೆ ಯಾರು ಹೋದರು ಎನ್ನುತ್ತಾರೆ. ಚಿಕ್ಕಮ್ಮ ಎಂದರೆ ಎಲ್ಲಿದ್ದರು, ಏನು ಮಾಡುತ್ತಿದ್ದರು ಎನ್ನುತ್ತಾರೆ. ಬಾಂದ್ರಾದಲ್ಲಿ ಸಮುದ್ರ ತುಂಬಿಸಿ ಎಬ್ಬಿಸುತ್ತಿರುವ ಬಿಲ್ಡಿಂಗುಗಳಿಗೆ ಮರಳು ಹೊರುತ್ತಿದ್ದಳು ಎಂದು ಹೇಳಲು ಬಾಯಿ ಏಳುತ್ತಿತ್ತೇ? ಸಂಜೆ ಮಶೀನಿಗೆ ಮುಸುಕು ಹಾಕುವಾಗ, ತಪ್ಪಿಲ್ಲದ ಮೂವತ್ತು ಪತ್ರಗಳ ಬಗ್ಗೆ ಎಲ್ಲೋ ಒಂದು ಸಣ್ಣ ಹೆಮ್ಮೆ ಕದಲಿತು. ಅದು ಕದಲಿದ್ದನ್ನು ಕಂಡು ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಹಳಿಯಾಳದ ಕಾಡಂಚಿನ ಸಿದ್ದಿಗಳ ಕೇರಿಯಲ್ಲಿ ಎಲ್ಲ ಮನೆಗಳಲ್ಲೂ ಹೀಗೆಯೋ ಅವಳಿಗೆ ತಿಳಿಯದು. ಅವರ ಮನೆಯಲ್ಲಿ ಹೀಗಿತ್ತು. ಮನೆಯ ಹಿರಿಯ ಹೆಂಗಸು ಹೋದಾಗ ಉಳಿದ ಹೆಂಗಸರು ಒಬ್ಬರ ತಲೆಯನ್ನೊಬ್ಬರು ಬಿಚ್ಚಬೇಕು. ಆಮೇಲೆ, ಉಳಿದವರಲ್ಲಿ ಯಾರು ಹಿರಿಯಳೋ ಅವಳು ಕಿರಿಯಳ ತಲೆಯನ್ನು ಮೊದಲು ಕಟ್ಟಬೇಕು. ಅವಳು ಕಟ್ಟುವ ತನಕ ಬೇರೆ ಯಾರೂ ಕಟ್ಟುವಂತಿಲ್ಲ. ಎಲ್ಲರೂ ಬಿಟ್ಟ ಕೂದಲಿನಲ್ಲೇ ಇರಬೇಕು. ಅವ್ವ ಹೋದಾಗ ವಿನೋದಿನಿಗೆ ನಾಲ್ಕು ವರ್ಷ. ಆ ದಿನದ್ದೆಂದು ನೆನಪಿರುವುದು ಕಿವಿಯ ಹಿಂದೆ ತಣ್ಣಗೆ ಇಳಿದ ಔಡಲೆಣ್ಣೆ ಮಾತ್ರ. ಈಗ ಚಿಗವ್ವನೂ ಹೋದಳು. ಉಳಿದವರಲ್ಲಿ ಹಿರಿಯಳು ತಾನು: ಮೂವತ್ತೊಂದು ವರ್ಷ, ಬಿ.ಎ., ನಿಮಿಷಕ್ಕೆ ಅರವತ್ತು ಶಬ್ದ ಟೈಪು ಮಾಡುವ ಹತ್ತು ಬೆರಳು. ಆ ಬೆರಳುಗಳಿಗೆ ಒಂದೇ ಒಂದು ಸಾಲು ಹೆಣೆಯಲು ಬರುತ್ತಿರಲಿಲ್ಲ. ಇದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಎಂಟು ವರ್ಷದವಳಿದ್ದಾಗ ಭತ್ತದ ಹುಲ್ಲನ್ನು ಜಡೆಯಂತೆ ಹೆಣೆದು ಮೇಕೆಯ ಕೊರಳಿಗೆ ಕಟ್ಟಿದ್ದಳಂತೆ. ಚಿಗವ್ವ ಅದನ್ನು ಕೇರಿಗೆಲ್ಲ ತೋರಿಸಿ, 'ನನ್ನ ಕೈ ವಿನೋದಿನಿಗೆ ಹೋಗೈತಿ ನೋಡ್ರಿ' ಎಂದಿದ್ದಳು. ಆ ಮಾತು ಕೇರಿಯಲ್ಲಿ ಉಳಿಯಿತು. ವಿನೋದಿನಿ ಮಾತ್ರ ಮರುವರ್ಷ ಧಾರವಾಡದ ಹಾಸ್ಟೆಲಿಗೆ ಹೋದಳು.

ಕಲಿಯಲಿಲ್ಲ ಯಾಕೆಂದರೆ ನೋಡಲಿಲ್ಲ. ಕಟ್ಟಿಸಿಕೊಳ್ಳುವವಳಿಗೆ ಏನು ಕಾಣುತ್ತದೆ? ಚಿಗವ್ವ ಸ್ವಲ್ಪ ಎತ್ತರದಲ್ಲಿ ಕೂತು ತನ್ನ ಎರಡು ಮೊಣಕಾಲಿನ ನಡುವೆ ಅವಳನ್ನು ನೆಲಕ್ಕೆ ಕೂರಿಸಿ, ಗಲ್ಲ ಹಿಡಿದು ಮುಖವನ್ನು ಆಚೆ ತಿರುಗಿಸಿಬಿಡುತ್ತಿದ್ದಳು. ಆಮೇಲೆ ಎರಡು ತಾಸು ಗೋಡೆ. ಇಪ್ಪತ್ತೈದು ವರ್ಷಗಳ ಚಿಗವ್ವನ ಕೈಗಳನ್ನು ನೆನೆಯಹೋದರೆ ವಿನೋದಿನಿಯ ಕಣ್ಣಿಗೆ ಬರುವುದು ಗೋಡೆಗಳು. ಊರಿನ ಮಣ್ಣಿನ ಗೋಡೆ, ಅದರಲ್ಲೊಂದು ಬಿರುಕು, ಬಿರುಕಿನಲ್ಲಿ ಸಿಕ್ಕಿಸಿದ ಉದುರುಗೂದಲಿನ ಉಂಡೆ. ಹಾಸ್ಟೆಲಿನ ಹಿಂದಿನ ಬಾಗಿಲ ಬಳಿ ಸುಣ್ಣ ಬಳಿದ ಗೋಡೆ, ಅದರ ಮೇಲೆ ಸಾಲುಗಟ್ಟಿದ ಇರುವೆ. ಈ ಚಾಳಿನ ನೀಲಿ ಗೋಡೆ. ಗೋಡೆ ನೋಡುತ್ತಾ ಅವಳು ಮಗ್ಗಿ ಬಾಯಿಪಾಠ ಮಾಡಿದ್ದಳು, ಮೊದಲ ಸಲ ಮುಟ್ಟಾದದ್ದನ್ನು ಹೇಳಿದ್ದಳು, ಬಿ.ಎ. ಪಾಸಾದದ್ದನ್ನು ಹೇಳಿದ್ದಳು. ಬೆನ್ನ ಹಿಂದಿನಿಂದ ಚಿಗವ್ವನ ದನಿ ಬರುತ್ತಿತ್ತು. ಒಮ್ಮೆ ಆ ದನಿ ಹೇಳಿತ್ತು: 'ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಹಡಗದಾಗ ಬಂದಳಂತ. ಮೈಮ್ಯಾಲೆ ಒಂದ ಅರಿವಿ ಇರಲಿಲ್ಲಂತ. ತಲಿಮ್ಯಾಲೆ ಈ ಸಾಲ ಇದ್ದುವಂತ. ಕಸಗೊಳ್ಳಾಕ ಬರಲಾರದ್ದು ಅದೊಂದ ಇತ್ತು ನೋಡು.' ಹತ್ತು ವರ್ಷದ ವಿನೋದಿನಿ ಆ ಮಾತಿಗೆ, 'ಅಲ್ಲಾಡಿಸಬ್ಯಾಡ ಚಿಗವ್ವ, ನೋಯ್ತೈತಿ' ಎಂದಿದ್ದಳು.

ಹಾಸ್ಟೆಲಿನ ಮೇಟ್ರನ್ ಬಾಯಿಯವರಿಗೆ ಅವಳ ಕೂದಲಿನ ಜೊತೆ ಏನು ಮಾಡಬೇಕೋ ತಿಳಿಯಲಿಲ್ಲ. ಮೊದಲ ವಾರವೇ ಎರಡು ಹಣಿಗೆ ಹಲ್ಲು ಮುರಿದುಕೊಂಡವು. ಬಾಯಿಯವರು ಸಿಟ್ಟಿನಿಂದಲ್ಲ, ಬೇಸತ್ತು, ಕತ್ತರಿ ತಂದು ಗಂಡುಹುಡುಗರಂತೆ ಕತ್ತರಿಸಿದರು. ಸಾಲಿನಲ್ಲಿ ಕೂತ ನಲವತ್ತು ಹುಡುಗಿಯರು ನಕ್ಕರು. ಈ ಸುದ್ದಿ ಹೇಗೋ ಊರು ಮುಟ್ಟಿತು. ಕೂದಲು ಬೆರಳುದ್ದ ಬೆಳೆದದ್ದೇ ಚಿಗವ್ವ ಹಾಜರಾದಳು. ಕಟ್ಟಿಗೆ ಲಾರಿಯ ಮೇಲೆ ಕೂತು ಹಳಿಯಾಳದಿಂದ ಬಂದಿದ್ದಳು, ಸೆರಗಿನ ತುಂಬ ತೊಗಟೆಯ ಪುಡಿ. ಅಂದಿನಿಂದ ಎರಡು ವಾರಕ್ಕೊಮ್ಮೆ ಬಂದಳು. ಮೊದಮೊದಲು ಮುಂದಿನ ಗೇಟಿಗೆ ಬರುತ್ತಿದ್ದಳು. ಹಿಂದಿನ ಗೇಟಿಗೆ ಬರಲು ಹೇಳಿದವಳು ವಿನೋದಿನಿ. 'ಅಲ್ಲಿ ನೆರಳ ಐತಿ' ಎಂದಿದ್ದಳು. ಸುಳ್ಳಲ್ಲ, ಅಲ್ಲಿ ನೆರಳಿತ್ತು. ಸುಳ್ಳಾಗದ ಹಾಗೆ ಮಾತು ಆರಿಸಿಕೊಳ್ಳುವ ಜಾಣತನ ಅವಳಿಗೆ ಹತ್ತನೇ ವರ್ಷಕ್ಕೇ ಬಂದಿತ್ತು. ಮುಂಬಯಿಯಲ್ಲಿ ವಿನೋದಿನಿಗೆ ಕೆಲಸ ಸಿಕ್ಕಿದ ಮೇಲೆ ಊರಿಗೆ ಹೋದಾಗ ಮಾತ್ರ ಚಿಗವ್ವನ ಕೈ ಸಿಗುತ್ತಿತ್ತು. ಆರು ವರ್ಷದ ಮೇಲೆ ಚಿಗವ್ವನೂ ಮಗಳು ರಾಚವ್ವನೂ ಕೂಲಿಯವರ ತಂಡದೊಂದಿಗೆ ಬಾಂದ್ರಾಕ್ಕೆ ಬಂದರು. ಎರಡು ವಾರಕ್ಕೊಮ್ಮೆ ಚಿಗವ್ವ ಮತ್ತೆ ಬರತೊಡಗಿದಳು. ಚಾಳಿನ ಹೆಂಗಸರೆಲ್ಲ ಐತವಾರ ಬಿಸಿಲಿಗೆ ಗ್ಯಾಲರಿಯಲ್ಲಿ ಕೂತು ಕೂದಲು ಒಣಗಿಸುವ, ಹೇನು ನೋಡುವ ಹೊತ್ತಿಗೆ ವಿನೋದಿನಿ ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತಿದ್ದಳು. ಪಕ್ಕದ ಕೋಣೆಯ ಬೆಳಗಾವಿಯ ಕಸ್ತೂರಿಬಾಯಿ ಒಮ್ಮೆ, 'ಆಕಿ ಯಾರ?' ಎಂದಾಗ, 'ನಮ್ಮೂರಾಕಿ' ಎಂದಿದ್ದಳು. ಅದೂ ಸುಳ್ಳಲ್ಲ.

ಒಂಬತ್ತಕ್ಕೆ ಮೊದಲೇ ಅವಳು ಬೀಗ ಹಾಕಿ ಹೊರಬಿದ್ದಳು. ಎಲ್ಲಿಗೆ ಎಂದು ನಿಶ್ಚಯಿಸಿರಲಿಲ್ಲ. ರಾಚವ್ವ ಬರಲಿ, ಬೀಗ ನೋಡಲಿ, ಹೋಗಲಿ. ಇನ್ನೊಂದು ಐತವಾರದೊಳಗೆ ಏನಾದರೂ ಆಗುತ್ತದೆ. ಏನು ಆಗುತ್ತದೆ? ಲೋಕಲಿನ ಹೆಂಗಸರ ಡಬ್ಬಿ ಹೆಚ್ಚುಕಡಿಮೆ ಖಾಲಿಯಿತ್ತು. ಎದುರಿನ ಬೆಂಚಿನ ತಾಯಿಯ ತೊಡೆಯ ಮೇಲಿದ್ದ ಮಗು ಅವಳ ತಲೆಯನ್ನೇ ನೋಡುತ್ತಿತ್ತು. ಮಕ್ಕಳು ನೋಡಿದರೆ ಅವಳಿಗೆ ಸಿಟ್ಟಿಲ್ಲ. ದೊಡ್ಡವರು ನೋಡಿ, ನೋಡದವರಂತೆ ಕಿಟಕಿಗೆ ತಿರುಗುವುದು ಚುಚ್ಚುತ್ತದೆ. ಇದೇ ಡಬ್ಬಿಯಲ್ಲಿ ಎರಡು ವರ್ಷದ ಹಿಂದೆ, ರೇಷ್ಮೆ ಸೀರೆಯ ಹೆಂಗಸೊಬ್ಬಳು ಅವಳನ್ನು ಇಂಗ್ಲಿಷಿನಲ್ಲಿ, ನಿಮ್ಮದು ಯಾವ ದೇಶ ಎಂದು ಕೇಳಿದ್ದಳು. ಹಳಿಯಾಳ ಎಂದು ಹೇಳಿ ಹೇಳಿ, ಅಲ್ಲ ನಿಜವಾಗಿ ಎಲ್ಲಿಯವರು ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಬೇಸತ್ತ ನಾಲಿಗೆ ಅಂದು, 'ನೈರೋಬಿ' ಎಂದುಬಿಟ್ಟಿತು. ಆ ಹೆಂಗಸಿನ ಮುಖ ಅರಳಿತು. ಸರಿದು ಕಿಟಕಿಯ ಬದಿಯ ಜಾಗ ಕೊಟ್ಟಳು. ನೈರೋಬಿಯಲ್ಲಿ ತನ್ನ ಮೈದುನನ ಅಂಗಡಿಯಿದೆ, ಅಲ್ಲಿಯ ಹವೆ ಚೆನ್ನಂತೆ ಎಂದಳು. ವಿನೋದಿನಿ ಚೆನ್ನ ಎಂದಳು. ಬಾಗಿಲ ಬಳಿ ನೆಲದ ಮೇಲೆ ಗಂಟು ಇಟ್ಟುಕೊಂಡು ಚಿಗವ್ವ ಕೂತಿದ್ದಳು. ಇಳಿದ ಮೇಲೆ, 'ಏನ ಕೇಳಿದ್ಳು ಆಕಿ?' ಎಂದಳು. 'ಎಲ್ಲಿಂದ ಬಂದೀರಿ ಅಂದ್ಳು.' 'ಏನಂದಿ?' 'ಹಳಿಯಾಳ ಅಂದೆ.' ಚಿಗವ್ವ ಗಂಟನ್ನು ತಲೆಗೇರಿಸಿಕೊಂಡಳು. ಇಂಗ್ಲಿಷು ಬಾರದವಳು, ಆದರೆ ಹಳಿಯಾಳ ಎಂಬ ಶಬ್ದ ಆ ಸಂಭಾಷಣೆಯಲ್ಲಿ ಬರಲಿಲ್ಲ ಎಂದು ತಿಳಿಯಲು ಇಂಗ್ಲಿಷು ಬೇಕೆ?

ದಾದರಿನಲ್ಲಿ ಗಾಡಿ ಬದಲಿಸಿ ಮಾಟುಂಗದಲ್ಲಿ ಇಳಿದಳು. ಉಡುಪಿ ಹೋಟೆಲಿನಲ್ಲಿ ಕಾಫಿ ತರಿಸಿ, ಅದರ ಮೇಲೆ ಕೆನೆಗಟ್ಟುವುದನ್ನು ನೋಡುತ್ತಾ ಕೂತಳು. ಹೊರಗೆ ಮೊಳ ಹಾಕಿ ಮಲ್ಲಿಗೆ ಮಾರುವವಳ ಮುಂದೆ ಮಡಿಸೀರೆಯ ಹೆಂಗಸರು, ಉದ್ದ ಜಡೆಯ ಹುಡುಗಿಯರು. ಒಬ್ಬ ತಾಯಿ ನಡೆಯುತ್ತಲೇ ಮಗಳ ಜಡೆಯ ತುದಿಯನ್ನು ಬಿಚ್ಚಿ, ಮತ್ತೆ ಹೆಣೆದು, ರಿಬ್ಬನ್ನು ಬಿಗಿದಳು. ಇಬ್ಬರೂ ಮಾತು ನಿಲ್ಲಿಸಲಿಲ್ಲ. ಅಷ್ಟು ಸಲೀಸು. ವಿನೋದಿನಿ ಆ ತಾಯಿಯ ಬೆರಳನ್ನು ಕಳ್ಳಿಯಂತೆ ನೋಡಿದಳು. ಮೂರು ಎಳೆ, ಎಡದ್ದು ನಡುವಿಗೆ, ಬಲದ್ದು ನಡುವಿಗೆ. ಇಷ್ಟೇ ತಾನೇ? ಮೇಜಿನ ಕೆಳಗೆ ತನ್ನ ಸೆರಗಿನ ಕುಚ್ಚಿನ ಮೂರು ಎಳೆ ಹಿಡಿದು ಹೆಣೆದಳು; ಬಂತು. ಮಾಣಿ ಬಂದು, ಇನ್ನೇನು ಬೇಕು ಎಂದು ಹಿಂದಿಯಲ್ಲಿ ಕೇಳಿದ. ಅವನು ಮಿಕ್ಕ ಎಲ್ಲ ಮೇಜುಗಳಲ್ಲಿ ಕನ್ನಡ ಮಾತಾಡುತ್ತಿದ್ದ. ಏನೂ ಬೇಡಪ್ಪ ಎಂದು ಕನ್ನಡದಲ್ಲಿ ಹೇಳಿದಳು. ಅವನು ಬೆಚ್ಚಿ ನೋಡಿದ. ಕಾಫಿಯನ್ನು ಅಲ್ಲೇ ಬಿಟ್ಟು ಎದ್ದಳು. ರಾಚವ್ವ ಬಿಟ್ಟ ಕೂದಲಿನಲ್ಲಿ ಸಿಮೆಂಟಿನ ಧೂಳಿನಲ್ಲಿ ಇನ್ನೊಂದು ವಾರ ಕೆಲಸ ಮಾಡಬೇಕು, ತಾನು ಹೇಡಿಯಾದದ್ದಕ್ಕೆ. ಈ ಯೋಚನೆ ಮೊದಲೇ ಬರಬಹುದಿತ್ತು. ಮಾಟುಂಗಕ್ಕೆ ಬಂದ ಮೇಲೆ ಬಂತು.

ಚಾಳಿನ ಮೆಟ್ಟಿಲು ಹತ್ತುವಾಗಲೇ ನಗೆ ಕೇಳಿಸಿತು. ಗ್ಯಾಲರಿಯಲ್ಲಿ, ಬೀಗ ಹಾಕಿದ ಅವಳ ಬಾಗಿಲಿಗೆ ಒರಗಿ ರಾಚವ್ವ ಕೂತಿದ್ದಳು. ಇಪ್ಪತ್ತೆರಡರ ಗಟ್ಟಿ ಹುಡುಗಿ, ತಲೆಗೆ ಬಿಗಿಯಾಗಿ ಸುತ್ತಿದ ಹಳೆಯ ಟವೆಲು. ಎದುರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಸ್ತೂರಿಬಾಯಿ ಕಲ್ಲು ಆರಿಸುತ್ತಿದ್ದಳು.

"ಬಂದ್ಳು ನೋಡು ನಿಮ್ಮಕ್ಕ! ಎಲ್ಲಿ ಹೋಗಿದ್ದಿಯವಾ? ಈ ಹುಡುಗಿ ಒಂಬತ್ತಕ್ಕ ಬಂದು ಕುಂತೈತಿ."

"ಬಾಯಾರು ಎರಡ ಸಲ ಚಾ ಕೊಟ್ರು, ಒಂದ ಸಲ ಚಪಾತಿ ಕೊಟ್ರು," ಎಂದಳು ರಾಚವ್ವ. "ನೀ ಇನ್ನೊಂದ ತಾಸ ಬರದಿದ್ರ ಇವರ ಮನಿ ಸೊಸಿ ಆಗಿಬಿಡತಿದ್ದೆ."

"ಆಗವಾ, ಯಾರ ಬ್ಯಾಡ ಅಂತಾರ? ನನ್ನ ಮಗಗ ಬಡದ ದಾರಿಗೆ ತರೂ ಹೆಣ್ಣ ಬೇಕಾಗೈತಿ." ಕಸ್ತೂರಿಬಾಯಿ ನಕ್ಕು, ಆಮೇಲೆ ದನಿ ತಗ್ಗಿಸಿದಳು. "ವಿನೋದಿನಿ, ನಿಮ್ಮ ಚಿಗವ್ವ ಹೋದ್ರಂತ. ಗ್ವಾಡಿಗೆ ಗ್ವಾಡಿ ಹಚ್ಚಿ ಇರತೀವಿ, ನನಗೊಂದ ಮಾತ ಹೇಳಬಾರದೇನ? ನಾ ಆಕಿ ನಿಮ್ಮ ಸ್ವಂತ ಚಿಗವ್ವ ಅಂತ ತಿಳಕೊಂಡಿರಲಿಲ್ಲ ನೋಡು. ಊರಾಕಿ ಅಂದಿದ್ದಿಯಲ್ಲ, ಯಾರೋ ಕೆಲಸಕ್ಕ ಬರತಾಳ ಅಂದಕೊಂಡಿದ್ದೆ. ನನ್ನ ಕಿವೀನ ಸುಳ್ಳ."

ಬೈದಿದ್ದರೆ ಸರಿಹೋಗುತ್ತಿತ್ತು. ತಪ್ಪನ್ನು ತನ್ನ ಕಿವಿಯ ಮೇಲೆ ಹಾಕಿಕೊಂಡು ಆ ಹೆಂಗಸು ಅಕ್ಕಿಗೆ ಕಣ್ಣು ಹೂಡಿದ್ದಳು. ರಾಚವ್ವ ಕೇಳಿಸಿಕೊಂಡಳು, ನೆಲದ ಮೇಲೆ ಬಿದ್ದಿದ್ದ ಒಂದು ಅಕ್ಕಿಕಾಳನ್ನು ಎತ್ತಿ ಮೊರಕ್ಕೆ ಹಾಕಿದಳು. ವಿನೋದಿನಿ ಬೀಗ ತೆಗೆದಳು. ಇಬ್ಬರೂ ಒಳಗೆ ಹೋದದ್ದೇ ಅವಳ ಕೈ ಅಭ್ಯಾಸದಂತೆ ಹಿಂದಕ್ಕೆ ಹೋಗಿ ಚಿಲಕ ಹಾಕಿತು.

"ಕತ್ತಲಾತಲ್ಲ ಅಕ್ಕಾ."

"ಲೈಟ ಹಾಕ್ತೀನಿ."

"ಅವ್ವ ಇದರಾಗ ಕಟ್ಟತಿದ್ಳಾ?" ರಾಚವ್ವ ಮಂಕು ಬಲ್ಬನ್ನು ತಲೆಯೆತ್ತಿ ನೋಡಿದಳು. "ಅಕಿಗೆ ಒಂದ ಕಣ್ಣ ಕಾಣತಿರಲಿಲ್ಲ. ಸುಣ್ಣ ಸಿಡದು ಎರಡ ವರ್ಷ ಆತಲ್ಲ."

ಎರಡು ವರ್ಷ. ಐವತ್ತು ಐತವಾರ. ಬಂದ ಚಿಗವ್ವನ ಮುಖ ನೋಡುವ ಹೊತ್ತಿನಲ್ಲಿ ತಾನು ಚಿಲಕ ನೋಡುತ್ತಿದ್ದಳು. ಮಿಕ್ಕ ಹೊತ್ತೆಲ್ಲ ಗೋಡೆ. ಗೊತ್ತಿತ್ತು ಎಂಬಂತೆ ತಲೆಯಾಡಿಸಲು ಹೊರಟು, ಮೊದಲ ಸಲ, ಆ ಸಣ್ಣ ಅಲುಗಾಟವೂ ಸುಳ್ಳಾಗುತ್ತದೆಂದು ಕತ್ತು ತಡೆದಳು. "ನನಗ ಗೊತ್ತಿರಲಿಲ್ಲ ರಾಚಿ," ಎಂದಳು. ರಾಚವ್ವ ಟ್ರಂಕಿನ ಮೇಲೆ ಕೂತು, ಮೊಣಕಾಲು ಅಗಲಿಸಿ, ನೆಲ ತೋರಿಸಿದಳು. "ಬಾ. ನಂದು ಊರಾಗ ಬಿಚ್ಚಿ ಆಗೇತಿ. ಮೊದಲ ನಿಂದ ಬಿಚ್ಚೂಣು."

"ಒಂದ ಸಾಲ ಬಿಡು."

"ಯಾಕ?"

"ಹಂಗಽ. ನಡುವಿಂದು."

"ಅವ್ವ ಅಲ್ಲಿಲ್ಲ ಅಕ್ಕಾ," ಎಂದಳು ರಾಚವ್ವ. "ಅಲ್ಲಿರೂದು ಎಣ್ಣಿ, ಹೊಲಸು. ಅವ್ವನ ಮಣ್ಣಾಗ ಇಟ್ಟ ಬಂದೀನಿ ನಾ. ನೀ ತಲಿಮ್ಯಾಲೆ ಇಟಗೊಂಡ ಕುಂದರತಿಯೇನ?"

ಬೆರಳು ಇಳಿದವು. ಒರಟು ಬೆರಳು, ಸಂದುಗಳಲ್ಲಿ ಸಿಮೆಂಟು ಕಚ್ಚಿ ಸೀಳಿದ ಬೆರಳು. ಚಿಗವ್ವನವೂ ಹೀಗೇ ಇದ್ದವು, ಆದರೆ ಇವು ತಣ್ಣಗಿದ್ದವು. ತುದಿಯ ದಾರ ಕಿತ್ತಿತು. ಒಂದೊಂದೇ ಗೆಣ್ಣು ಸಡಿಲಿಸುತ್ತಾ ರಾಚವ್ವ ಮೇಲಕ್ಕೆ ಬಂದಳು. ಮೂರು ವಾರದಿಂದ ಬಿಗಿದಿದ್ದ ಚರ್ಮ ಒಂದೊಂದು ಸಾಲಿಗೂ ಉಸಿರು ಬಿಟ್ಟಂತೆ ಸಡಿಲವಾಯಿತು. ಔಡಲೆಣ್ಣೆಯ ವಾಸನೆ ಎದ್ದಿತು. ಅದರೊಳಗೆ ಹೊಗೆಯ ವಾಸನೆ, ಬಾಂದ್ರಾದ ಶೆಡ್ಡಿನ ಒಲೆಯದು, ಚಿಗವ್ವನ ಸೆರಗಿನದು. ವಿನೋದಿನಿ ಮೂಗೆಳೆದುಕೊಂಡಳು. ಇಷ್ಟೇ ಉಳಿದದ್ದು, ಇದೂ ಈಗ ಗಾಳಿಗೆ ಹೋಗುತ್ತಿದೆ. ನೀಲಿ ಗೋಡೆ ನೀರಾಯಿತು. ಬೆನ್ನ ಹಿಂದಿನವಳಿಗೆ ಕಾಣದು ಎಂಬ ಧೈರ್ಯದಿಂದ ಅವಳು ಬಾಯಿ ಮುಚ್ಚಿ ಅತ್ತಳು. ನಡುವಿನ ಸಾಲಿಗೆ ಬಂದಾಗ ರಾಚವ್ವನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನೂ ಬಿಚ್ಚಿತು.

"ಆತು. ಈಗ ನೀ ಮ್ಯಾಲೆ ಕುಂದರು."

ಟವೆಲು ಬಿಚ್ಚಿ ರಾಚವ್ವ ಅವಳ ಮೊಣಕಾಲುಗಳ ನಡುವೆ ಇಳಿದು, ಯಾರೂ ತಿರುಗಿಸದೆಯೇ ಗೋಡೆಗೆ ಮುಖ ಮಾಡಿದಳು. ಕೂದಲು ದಟ್ಟವಾಗಿ, ಧೂಳಿನಿಂದ ಬೂದಿಬಣ್ಣವಾಗಿ ಎದ್ದು ನಿಂತಿತ್ತು. ವಿನೋದಿನಿ ಎಣ್ಣೆ ಹಾಕಿದಳು, ಹಣಿಗೆಯ ತುದಿಯಿಂದ ಬೈತಲೆ ಎಳೆದಳು. ಮೂರು ಎಳೆ ಹಿಡಿದಳು. ಎಡದ್ದು ನಡುವಿಗೆ, ಬಲದ್ದು ನಡುವಿಗೆ. ಹೆಣಿಗೆ ಬಂತು, ಆದರೆ ನೆತ್ತಿಯನ್ನು ಬಿಟ್ಟು ಬಾಲದಂತೆ ಮೇಲಕ್ಕೆ ಎದ್ದಿತು. ಬಿಚ್ಚಿದಳು. ಮತ್ತೆ ಹಿಡಿದಳು. ಮತ್ತೆ ಬಾಲ. ಬೆರಳು ಎಣ್ಣೆಗೆ ಜಾರಿದವು. ಮೂರನೇ ಸಲ ಬಿಚ್ಚುವಾಗ ಅವಳ ಕಂಕುಳಲ್ಲಿ ಬೆವರಿಳಿಯುತ್ತಿತ್ತು; ಶಾಲೆಯಲ್ಲಿ ಹಲಗೆಯ ಮುಂದೆ ನಿಂತು ಲೆಕ್ಕ ಮರೆತ ಹುಡುಗಿಯಂತೆ ಬೆನ್ನ ಹಿಂದೆ ಯಾರೋ ನಗುತ್ತಿದ್ದಾರೆ ಎನಿಸಿತು. ಆದರೆ ಈಗ ರಾಚವ್ವನ ಬೆನ್ನ ಹಿಂದೆ ಕೂತವಳು ತಾನೇ.

"ಅಕ್ಕಾ," ರಾಚವ್ವ ತಿರುಗಲಿಲ್ಲ. "ನಿನಗ ಬರೂದಿಲ್ಲ."

ವಿನೋದಿನಿ ಹಿಡಿದ ಎಳೆಗಳನ್ನು ಬಿಟ್ಟಳು. ಆಮೇಲೆ, "ಇಲ್ಲ," ಎಂದಳು. "ಬರೂದಿಲ್ಲ. ನನ್ನ ಕೈಯಾಗ ಏನೂ ಬಂದಿಲ್ಲ ರಾಚಿ. ಊರಾಗ ಎಲ್ಲಾರೂ ಸುಳ್ಳ ನಂಬ್ಯಾರ."

"ಅವ್ವಗ ಗೊತ್ತಿತ್ತು."

"ಏನ?"

"ನಿನಗ ಬರೂದಿಲ್ಲ ಅನ್ನೂದು. ನಾ ಒಮ್ಮೆ ಕೇಳಿದ್ದೆ, ನನಗ ಕಲಸೀದಿ, ಅಕ್ಕಗ ಯಾಕ ಕಲಸಲಿಲ್ಲ ಅಂತ. ಅಕಿ ನಕ್ಕಳು. ಕಲಸಿಬಿಟ್ರ ಅಕಿ ಕಡೆ ಏನಂತ ಹೋಗ್ಲಿ ನಾ, ಅಂದ್ಳು. ಅಕಿ ಸಾಲಿ ಕಲತಾಳ, ಇಂಗ್ಲಿಷ ಕಲತಾಳ, ಪಗಾರ ತರತಾಳ. ಅಕಿಗೆ ನಾ ಬೇಕಾಗಿರೂದು ಇದೊಂದಕ್ಕ, ಅಂದ್ಳು. ಇದೊಂದ ನನ್ನ ಕಡೆ ಇರ್ಲಿ, ಅಂದ್ಳು."

ಹೊರಗೆ ಯಾರದೋ ರೇಡಿಯೊ ಮರಾಠಿಯಲ್ಲಿ ಏನೋ ಹೇಳುತ್ತಿತ್ತು. ವಿನೋದಿನಿಯ ಎಣ್ಣೆಯ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಇಷ್ಟು ವರ್ಷ ತಾನು ಚಿಗವ್ವನನ್ನು ಬರಗೊಟ್ಟೆ ಎಂದುಕೊಂಡಿದ್ದಳು. ನೆರಳಿರುವ ಗೇಟಿಗೆ, ಚಿಲಕ ಹಾಕಿದ ಕೋಣೆಗೆ, ತನ್ನ ಷರತ್ತಿಗೆ. ಆ ಅಕ್ಷರ ಬಾರದ ಹೆಂಗಸು ಎಲ್ಲವನ್ನೂ ಕಂಡು, ಎಲ್ಲಿಯೂ ಬಾಗಿಲು ಬಡಿಯದೆ, ಒಳಗೆ ಬರಲು ತನಗೆಂದೇ ಒಂದು ದಾರಿ ಇಟ್ಟುಕೊಂಡಿದ್ದಳು. ಆ ದಾರಿ ತನ್ನ ತಲೆಯ ಮೇಲಿತ್ತು.

"ನಾ ತೋರಸಲೇನ?" ಎಂದಳು ರಾಚವ್ವ. "ತೋರಸಬಾರದು ಖರೆ. ಹಿರ್ಯಾಕಿ ಕೈ ಮೊದಲ ಆಗಬೇಕು. ಆದರ ಇಲ್ಲಿ ಯಾರ ನೋಡತಾರ?"

"ಬ್ಯಾಡ," ಎಂದಳು ವಿನೋದಿನಿ. "ಏಳು. ಇಲ್ಲಿ ಬೆಳಕಿಲ್ಲ."

ಅವಳೇ ಚಾಪೆ ಸುತ್ತಿದಳು, ಚಿಲಕ ತೆಗೆದಳು. ಗ್ಯಾಲರಿಯಲ್ಲಿ ಮಧ್ಯಾಹ್ನದ ಬಿಸಿಲು ಅರ್ಧಕ್ಕೆ ಬಂದಿತ್ತು. ಎಂಟು ಬಾಗಿಲುಗಳಿಂದ ಹೆಂಗಸರು ನೋಡಿದರು: ಆಫೀಸಿನ ವಿನೋದಿನಿಬಾಯಿ, ಬಿಚ್ಚಿದ ಕೂದಲು ತಲೆಯ ಸುತ್ತ ಪೊದೆಯಂತೆ ಎದ್ದು ನಿಂತಿದೆ, ಪೀಠ ಎಳೆದುಕೊಂಡು ಕೂತಿದ್ದಾಳೆ, ಕಾಲ ನಡುವೆ ಒಬ್ಬ ಕೂಲಿ ಹುಡುಗಿ. ನೋಟಗಳು ಚರ್ಮಕ್ಕೆ ತಾಗುವುದು ಗೊತ್ತಾಯಿತು. ಎದ್ದು ಒಳಗೆ ಹೋಗಬೇಕೆಂದು ಕಾಲು ಹೇಳಿತು. ಕಾಲ ನಡುವೆ ರಾಚವ್ವನ ಭಾರವಿತ್ತು, ಏಳಲಾಗಲಿಲ್ಲ.

ಕಣ್ಣು ಮುಚ್ಚಿದಳು. ಬೆರಳಿಗೆ ಗೊತ್ತಿಲ್ಲ, ಕಣ್ಣಿಗೆ ಗೊತ್ತಿಲ್ಲ. ನೆತ್ತಿಗೆ ಗೊತ್ತು. ಮೊದಲು ಹಣಿಗೆಯ ತುದಿ, ತಣ್ಣನೆಯ ಗೆರೆ. ಹಣೆಯ ಅಂಚಿನಲ್ಲಿ ಸಣ್ಣ ಚಿವುಟು, ಮೂರು ಪಾಲು. ಎಡಕ್ಕೊಂದು ಸೆಳೆತ. ಆಮೇಲೆ? ಆಮೇಲೆ ಬಲಕ್ಕಲ್ಲ. ಅದಕ್ಕೆ ಮೊದಲು, ಕೆಳಗೆ, ಚರ್ಮಕ್ಕೆ ಹತ್ತಿ, ಒಂದು ಚಿಟಿಕೆ. ಪ್ರತಿ ಸೆಳೆತಕ್ಕೂ ಮೊದಲು ಒಂದು ಚಿಟಿಕೆ. ಬುಡದಿಂದ ಹೊಸದಾಗಿ ಒಂದಿಷ್ಟು ಕೂದಲು ಎತ್ತಿ ಎಳೆಗೆ ಸೇರಿಸುವ ಚಿಟಿಕೆ. ಅದಕ್ಕೇ ಸಾಲು ನೆತ್ತಿ ಬಿ‌ಟ್ಟು ಏಳುತ್ತಿರಲಿಲ್ಲ. ಮಗ್ಗಿ ಹೇಳುವಾಗ ಪ್ರತಿ ಅಂಕಿಯ ಜೊತೆಗೆ ಆ ಚಿಟಿಕೆ ಬರುತ್ತಿತ್ತು, ಅದು ಲೆಕ್ಕದ ಒಂದು ಭಾಗವೆಂದೇ ಅವಳು ತಿಳಿದಿದ್ದಳು. ತನ್ನ ನೆತ್ತಿಯ ಮೇಲೆ ಚಿಗವ್ವನ ಕೈ ಎಲ್ಲಿ ಹೋಗುತ್ತಿತ್ತೋ ಅಲ್ಲಿಗೆ ರಾಚವ್ವನ ನೆತ್ತಿಯ ಮೇಲೆ ತನ್ನ ಕೈಯನ್ನು ಕಳಿಸಿದಳು. ಚಿಟಿಕೆ, ಎಡ. ಚಿಟಿಕೆ, ಬಲ. ಕಣ್ಣು ಬಿಟ್ಟಾಗ ಹಣೆಯಿಂದ ಕಿವಿಯ ಮಟ್ಟದವರೆಗೆ ಒಂದು ಸಾಲು, ಡೊಂಕಾಗಿ, ಒಂದೆಡೆ ದಪ್ಪ ಒಂದೆಡೆ ಸಣ್ಣಗೆ, ಆದರೆ ನೆತ್ತಿಗೆ ಕಚ್ಚಿಕೊಂಡು ಕೂತಿತ್ತು.

ರಾಚವ್ವ ಬೆರಳಿಂದ ತಡವಿ ನೋಡಿದಳು. "ದನ ಓಡ್ಯಾಡಿದ ದಾರಿ ಆಗೇತಿ," ಎಂದಳು. "ಇರ್ಲಿ. ಬಿಡಬ್ಯಾಡ, ಹಂಗ ನಡೀಲಿ."

"ಅಗ ಬಾಯಿ!" ಕಸ್ತೂರಿಬಾಯಿ ಮೊರ ಕೆಳಗಿಟ್ಟು ಹತ್ತಿರ ಸರಿದಳು. "ಬುಟ್ಟಿ ಹೆಣದಂಗ ಹೆಣೀತಿಯಲ್ಲ! ಯಾರ ಕಲಿಸಿದ್ರು?"

"ನಮ್ಮ ಚಿಗವ್ವ," ಎಂದಳು ವಿನೋದಿನಿ. ಕಲಿಸಲಿಲ್ಲ ಎಂಬುದೂ ನಿಜ, ಕಲಿಸಿದಳು ಎಂಬುದೂ ನಿಜ. ಈ ಸಲ ಅವಳು ಮಾತು ಆರಿಸಿರಲಿಲ್ಲ.

ನಾಲ್ಕನೆಯ ಸಾಲಿನ ಹೊತ್ತಿಗೆ ರಾಚವ್ವನ ಭುಜ ಇಳಿಯಿತು, ತಲೆ ಭಾರವಾಗಿ ಅವಳ ಒಳತೊಡೆಗೆ ಒರಗಿತು. ನಿದ್ದೆಯೋ ಅಳುವೋ ತಿಳಿಯಲಿಲ್ಲ. ಇಲ್ಲಿಂದ ಮುಖ ಕಾಣುವುದಿಲ್ಲ. ಕಾಣುವುದು ಇಷ್ಟು: ಎರಡು ಕಿವಿಯ ಹಿಂಬದಿ, ಬಾಲ್ಯದ ಯಾವುದೋ ಗಾಯದ ಬಿಳಿ ಕಲೆ, ಬಾಗಿದ ಹಿಂಗತ್ತಿನ ನಡುವೆ ಎಳೆಗೂದಲಿನ ಸಣ್ಣ ಸುಳಿ. ಎಷ್ಟು ಕಾಪಿಲ್ಲದ ಜಾಗ, ಯಾರು ಬೇಕಾದರೂ ಹೊಡೆಯಬಹುದಾದ ಜಾಗ. ಚಿಗವ್ವ ಇಪ್ಪತ್ತೈದು ವರ್ಷ ತನ್ನದರಲ್ಲಿ ಇದನ್ನು ನೋಡುತ್ತಿದ್ದಳು. ಮೇಟ್ರನ್ ಬಾಯಿಯ ಕತ್ತರಿ ಓಡಿದ ಜಾಗವನ್ನು. ಲೋಕಲಿನಿಂದ ಇಳಿದು ಸುಳ್ಳು ಹೇಳಿದವಳ ಹಿಂಗತ್ತನ್ನು. ಆಗ ಚಿಗವ್ವನ ಮುಖ ಹೇಗಿರುತ್ತಿತ್ತೋ, ನೋಡಿದವರು ಯಾರೂ ಇಲ್ಲ.

ಕೂದಲಿನ ಬುಡದಲ್ಲಿ ಒಂದು ಸಿಮೆಂಟಿನ ಹರಳು ಗಟ್ಟಿಯಾಗಿ ಕೂತಿತ್ತು. ವಿನೋದಿನಿ ಅದರ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಉಗುರಿನಿಂದ ಮೆಲ್ಲಗೆ ಕೆದರತೊಡಗಿದಳು.

"ಕೈ ಯಾಕ ನಿಂತು ಅಕ್ಕಾ?" ರಾಚವ್ವನ ದನಿ ಎಲ್ಲಿಂದಲೋ ಬಂದಂತಿತ್ತು.

"ಸಿಮೆಂಟ ಐತಿ. ತಗೀತೀನಿ."

"ಬಿಡಽ. ನಾಳೆ ಮತ್ತ ಬೀಳತೈತಿ."

"ಬೀಳಲಿ," ಎಂದಳು. ಹರಳು ಅಲುಗಿತು, ಪೂರ್ತಿ ಬಿಡಲಿಲ್ಲ. ಅವಳಿಗೆ ಅವಸರವಿರಲಿಲ್ಲ.